ಸೀಟು ಸಿಗಲೂ ಇಲ್ಲ, ತಪ್ಪಲೂ ಇಲ್ಲ: ಎಂಬಿಎ ವೇಯ್ಟಿಂಗ್ ಲಿಸ್ಟಿನ ಮೂರು ತಿಂಗಳು

ನಮ್ಮ ಮನೆಗಳಲ್ಲಿ ಈಗ ಸಿಇಟಿ ರ‍್ಯಾಂಕ್ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನೀಟ್ ಅಂದರೆ ಅಜ್ಜಿಯಂದಿರಿಗೂ ಗೊತ್ತು. ಆದರೆ ಬಿಕಾಂ ಮುಗಿಸಿದ ಮಗಳು ಮೇ ತಿಂಗಳಲ್ಲಿ ಬಂದು "ಉಪ್ಪಾ, ಐಐಎಂನಲ್ಲಿ ನನಗೆ ವೇಯ್ಟಿಂಗ್ ಲಿಸ್ಟ್ 140" ಎಂದರೆ ಎಂತ ಹೇಳಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಸಿಕ್ಕಿತು ಎಂದು ಸಿಹಿ ಹಂಚುವುದಾ, ಸಿಗಲಿಲ್ಲ ಎಂದು ಸಮಾಧಾನ ಹೇಳುವುದಾ? ಅತ್ತ ಗಲ್ಫಿನಲ್ಲಿರುವ ತಂದೆ ಹಣ ಕಳಿಸಬೇಕಾ ಬೇಡವಾ ಎಂದು ಕೇಳುತ್ತಾರೆ. ಇತ್ತ ಸಂಬಂಧ ಕೇಳಿ ಬಂದವರು "ಹುಡುಗಿ ಮುಂದೆ ಓದುತ್ತಾಳಾ, ಇಲ್ಲವಾ, ಒಂದು ಹೇಳಿ" ಎನ್ನುತ್ತಾರೆ. ಹೇಳುವುದು ಹೇಗೆ? ಅವಳಿಗೇ ಗೊತ್ತಿಲ್ಲ.

ಮದ್ರಸದ ಉಸ್ತಾದನಿಗೆ ಎಂಬಿಎಯ ಉಸಾಬರಿ ಎಂತಕ್ಕೆ ಎಂದು ನೀವು ಕೇಳಬಹುದು. ನಾನು ಲೌಕಿಕವಾಗಿ ಓದಿದ್ದು ಪಿಯುಸಿ ತನಕ. ಆದರೆ ನನ್ನ ಮುಂದೆ ಕೂತು ಅಲಿಫ್ ಬಾ ಕಲಿತ ಮಕ್ಕಳು ಈಗ ಈ ದಾರಿ ಹಿಡಿದಿದ್ದಾರೆ. ಅವರ ಉಮ್ಮಂದಿರು ಫೋನಿನಲ್ಲಿ ಬಂದ ಇಂಗ್ಲಿಷ್ ಇಮೇಲ್ ತೋರಿಸಿ "ಉಸ್ತಾದ್, ಇದರಲ್ಲಿ ಎಂತ ಬರೆದಿದೆ?" ಎಂದು ಕೇಳುತ್ತಾರೆ. ಒಂದೊಂದನ್ನು ಓದಿ, ಗೊತ್ತಿದ್ದವರಲ್ಲಿ ಕೇಳಿ, ಮಕ್ಕಳಿಂದಲೇ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇನ್ನು, "ವ್ಯಾಪಾರ ಕಲಿಯಲು ಇಷ್ಟು ಲಕ್ಷ ಯಾಕೆ, ಅಂಗಡಿಯಲ್ಲಿ ಕೂರಿಸಿದರೆ ಸಾಲದಾ?" ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಎಲ್ಲರೂ ಎಂಬಿಎ ಮಾಡಬೇಕಾದ್ದಿಲ್ಲ. ಹೆಸರಿಲ್ಲದ ಕಾಲೇಜಿನಲ್ಲಿ ಸಾಲ ಮಾಡಿ ಮಾಡುವ ಎಂಬಿಎಗಿಂತ ಬಂದರಿನ ಅಂಗಡಿಯೇ ಮೇಲು ಎಂದು ನಾನೂ ಹೇಳುತ್ತೇನೆ. ಈ ಬರಹ ಅದನ್ನೇ ಮಾಡಬೇಕೆಂದು ಹೊರಟ ಮಕ್ಕಳ ಮನೆಯವರಿಗೆ.

ಒಂದು ಸೀಟು, ಹತ್ತು ತಿಂಗಳು

ಐಐಎಂಗೆ ಹೋಗುವ ದಾರಿ ಕ್ಯಾಟ್ ಪರೀಕ್ಷೆ. ಆಗಸ್ಟ್‌ನಿಂದ ಅರ್ಜಿ, ನವೆಂಬರ್ ಕೊನೆಯ ಒಂದು ಭಾನುವಾರ ಎರಡು ಗಂಟೆಯ ಪರೀಕ್ಷೆ, ಡಿಸೆಂಬರ್ ಕೊನೆ ಅಥವಾ ಜನವರಿ ಹೊತ್ತಿಗೆ ಫಲಿತಾಂಶ. ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರು. ಪ್ರತಿ ಐಐಎಂ ತನ್ನದೇ ಲೆಕ್ಕದಲ್ಲಿ ಸಂದರ್ಶನಕ್ಕೆ ಕರೆಯುತ್ತದೆ. ಹೊಸ ಐಐಎಂಗಳಲ್ಲಿ ಕೆಲವು ಒಟ್ಟು ಸೇರಿ ಒಂದೇ ಸಂದರ್ಶನ ಮಾಡುತ್ತವೆ, ಅದಕ್ಕೆ ಕ್ಯಾಪ್ ಎಂದು ಹೆಸರು. ಫೆಬ್ರವರಿಯಿಂದ ಏಪ್ರಿಲ್ ತನಕ ಈ ಓಡಾಟ. ಏಪ್ರಿಲ್, ಮೇಯಲ್ಲಿ ತೀರ್ಮಾನ. ಜೂನ್, ಜುಲೈ ಹೊತ್ತಿಗೆ ಕ್ಲಾಸು.

ಕ್ಯಾಟ್ ಅಂಕವೊಂದೇ ಎಲ್ಲ ಅಲ್ಲ ಎಂಬುದು ನಮ್ಮವರಿಗೆ ತಡವಾಗಿ ಗೊತ್ತಾಗುತ್ತದೆ. ಬೆಂಗಳೂರು ಐಐಎಂ ಸೇರಿ ಹಲವು ಕಡೆ ಎಸೆಸೆಲ್ಸಿ, ಪಿಯುಸಿ ಅಂಕಗಳನ್ನೂ ತೂಕ ಹಾಕುತ್ತಾರೆ. ಅಂದರೆ ಡಿಗ್ರಿಯಲ್ಲಿ ಎಚ್ಚೆತ್ತುಕೊಂಡ ಹುಡುಗನಿಗೆ ಹಿಂದಿನದ್ದನ್ನು ಸರಿ ಮಾಡಲು ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಹಲವು ಐಐಎಂಗಳು ಸ್ವಲ್ಪ ಹೆಚ್ಚಿನ ಅಂಕ ಕೊಡುತ್ತವೆ. ಕೋಝಿಕ್ಕೋಡ್ ಐಐಎಂನಲ್ಲಿ 2013ರಲ್ಲಿ ಸೇರಿದ ಬ್ಯಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳೇ ಇದ್ದರು. ಮಂಗಳೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟುವ ಊರು ಅದು. ಮಗಳನ್ನು ದೂರ ಕಳಿಸಲು ಹೆದರುವ ಮನೆಯವರು ಒಮ್ಮೆ ಹೋಗಿ ನೋಡಿ ಬರಬಹುದು.

ಕಾಗದಪತ್ರದ ವಿಷಯ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚು ಮಕ್ಕಳು ಎಡವುವುದು ಇಲ್ಲಿ. ನಾಡಕಚೇರಿಯಲ್ಲಿ ನಮಗೆ ಸಿಗುವ 2ಬಿ ಜಾತಿ-ಆದಾಯ ಸರ್ಟಿಫಿಕೇಟ್ ರಾಜ್ಯದ್ದು. ಅದು ಪಿಜಿಸಿಇಟಿಗೆ ಆಗುತ್ತದೆ, ಐಐಎಂಗೆ ಆಗುವುದಿಲ್ಲ. ಐಐಎಂಗೆ ಬೇಕಾದ್ದು ಕೇಂದ್ರದ ಒಬಿಸಿ ಪಟ್ಟಿಯ ಪ್ರಕಾರ, ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂದು ಬರೆದ ಸರ್ಟಿಫಿಕೇಟ್. ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದ ಮುಸ್ಲಿಮರ ನಮೂದು ಉಂಟು, ಆದರೆ ಕೆಲವು ಪಂಗಡಗಳನ್ನು ಹೊರಗಿಟ್ಟಿದೆ. ಶಾಲೆಯ ದಾಖಲೆಯಲ್ಲಿ ಜಾತಿ ಕಾಲಂನಲ್ಲಿ ಎಂತ ಬರೆದಿದೆ ಎಂದು ಮೊದಲು ನೋಡಿ, ಮತ್ತೆ ತಹಶೀಲ್ದಾರ್ ಕಚೇರಿಗೆ ಹೋಗಿ. ಯಾವ ತಾರೀಕಿನ ನಂತರ ಪಡೆದ ಸರ್ಟಿಫಿಕೇಟ್ ಆಗಬೇಕು ಎಂದೂ ಸೂಚನೆಯಲ್ಲಿ ಇರುತ್ತದೆ. ಇದನ್ನು ಸಂದರ್ಶನಕ್ಕೆ ಕರೆ ಬಂದ ಮೇಲೆ ಮಾಡಿಸಲು ಹೊರಟರೆ ಕಚೇರಿಯ ಬಾಗಿಲಲ್ಲೇ ದಿನ ಕಳೆಯುತ್ತದೆ. ಐಐಎಂಗಳಲ್ಲಿ ಒಬಿಸಿಗೆ 27 ಶೇಕಡ ಸೀಟು, ವೇಯ್ಟಿಂಗ್ ಲಿಸ್ಟ್ ಕೂಡ ಬೇರೆ. ಒಂದು ಕಾಗದ ಇಲ್ಲದ್ದಕ್ಕೆ ಅದನ್ನು ಬಿಟ್ಟುಕೊಡಬಾರದು.

ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡದು. ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ತುಂಬಿಸುವಾಗ ಅಂಗಡಿಯವರು ಸುಲಭಕ್ಕೆಂದು ತಮ್ಮದೇ ಇಮೇಲ್, ತಮ್ಮದೇ ಫೋನ್ ನಂಬರ್ ಹಾಕಿಬಿಡುತ್ತಾರೆ. ನಮ್ಮ ಊರಿನ ಪಕ್ಕದ ಒಬ್ಬ ಹುಡುಗನಿಗೆ ಹಾಗೇ ಆಯಿತು. ವೇಯ್ಟಿಂಗ್ ಲಿಸ್ಟಿನಿಂದ ಅವನ ಹೆಸರು ಮೇಲೆ ಬಂದು ಸೀಟಿನ ಇಮೇಲ್ ಹೋದದ್ದು ಸೈಬರ್‌ನ ವಿಳಾಸಕ್ಕೆ. ಒಪ್ಪಿಗೆ ಕೊಡಲು ಇದ್ದದ್ದು ನಾಲ್ಕು ದಿನ. ಅವನು ನೋಡಿದ್ದು ಹನ್ನೊಂದನೇ ದಿನ. ಎಷ್ಟು ಬೇಡಿಕೊಂಡರೂ ಆ ಸೀಟು ಮತ್ತೆ ಬರಲಿಲ್ಲ. ಅಷ್ಟರಲ್ಲಿ ಅದು ಅವನ ಹಿಂದೆ ನಿಂತಿದ್ದವನಿಗೆ ಹೋಗಿತ್ತು.

ಲಿಸ್ಟು ಓಡುವುದು ಹೇಗೆ

ತೀರ್ಮಾನ ಬರುವ ದಿನ ಮೂರರಲ್ಲಿ ಒಂದು ಉತ್ತರ. ಸೀಟು ಕೊಟ್ಟಿದ್ದೇವೆ, ಇಲ್ಲ, ಅಥವಾ ಕಾಯಿರಿ. ಮೊದಲ ಎರಡಕ್ಕೆ ವಿವರಣೆ ಬೇಡ. ಮೂರನೆಯದ್ದು ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಒಳ್ಳೆಯ ಅಂಕ ಪಡೆದ ಒಬ್ಬನಿಗೆ ನಾಲ್ಕೈದು ಕಡೆ ಸೀಟು ಸಿಕ್ಕಿರುತ್ತದೆ. ಅವನು ಕೂರುವುದು ಒಂದರಲ್ಲಿ ಮಾತ್ರ. ಬೆಂಗಳೂರು ಸಿಕ್ಕಿದವನು ಕೋಝಿಕ್ಕೋಡ್ ಬಿಡುತ್ತಾನೆ, ಕೋಝಿಕ್ಕೋಡ್ ಸಿಕ್ಕಿದವನು ತಿರುಚಿನಾಪಳ್ಳಿ ಬಿಡುತ್ತಾನೆ. ಬಿಟ್ಟ ಸೀಟು ಕಾಯುವವರ ಸಾಲಿಗೆ ಬರುತ್ತದೆ. ಹಾಗಾಗಿ ಮೇಲಿನ ಐಐಎಂಗಳ ಲಿಸ್ಟು ಕಡಿಮೆ ಓಡುತ್ತದೆ, ಹೊಸ ಐಐಎಂಗಳದ್ದು ನೂರಾರು ನಂಬರ್ ಓಡುತ್ತದೆ. ಒಂದು ಕಡೆ 30 ಕಷ್ಟ, ಇನ್ನೊಂದು ಕಡೆ 300 ಸುಲಭ. ನಂಬರ್ ನೋಡಿ ಅಳುವುದೂ ಬೇಡ, ನಗುವುದೂ ಬೇಡ. ಕೆಟಗರಿಗೊಂದು ಲಿಸ್ಟ್ ಇರುವುದರಿಂದ ಗೆಳೆಯನ ನಂಬರಿನ ಜೊತೆ ಹೋಲಿಸಿಯೂ ಪ್ರಯೋಜನ ಇಲ್ಲ. ಹಿಂದಿನ ವರ್ಷ ಅದೇ ಕೆಟಗರಿಯಲ್ಲಿ ಎಷ್ಟನೇ ನಂಬರ್ ತನಕ ಹೋಗಿತ್ತು ಎಂದು ತಿಳಿದರೆ ಒಂದು ಅಂದಾಜು ಸಿಗುತ್ತದೆ. ಅಂದಾಜು ಅಷ್ಟೇ. ಆ ವರ್ಷ ಸೀಟು ಹೆಚ್ಚಿಸಿದರೆ, ಸಂದರ್ಶನಕ್ಕೆ ಹೆಚ್ಚು ಜನರನ್ನು ಕರೆದರೆ ಲೆಕ್ಕ ತಲೆಕೆಳಗಾಗುತ್ತದೆ.

ಲಿಸ್ಟು ಪ್ರತಿದಿನ ಓಡುವುದಿಲ್ಲ. ಸೀಟು ಸಿಕ್ಕವರಿಗೆ ಹಣ ಕಟ್ಟಲು ಕೊಟ್ಟ ಗಡುವು ಮುಗಿದ ಮೇಲೆ ಒಂದು ಸುತ್ತು, ಅವರಲ್ಲಿ ಹಣ ಕಟ್ಟದವರ ಸೀಟು ಹಂಚಿ ಮತ್ತೆ ಗಡುವು, ಮತ್ತೊಂದು ಸುತ್ತು. ಆದ್ದರಿಂದ ದಿನಕ್ಕೆ ಇಪ್ಪತ್ತು ಸಲ ಲಾಗಿನ್ ಆಗಿ ನೋಡುವ ಮಕ್ಕಳಿಗೆ ನಾನು ಹೇಳುವುದು, ಗಡುವಿನ ತಾರೀಕು ಬರೆದು ಗೋಡೆಗೆ ಅಂಟಿಸು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡು, ಉಳಿದ ಹೊತ್ತು ಮನುಷ್ಯರ ಹಾಗೆ ಇರು. ಕೆಲವು ಕಡೆ ಲಿಸ್ಟಿನಲ್ಲಿ ಉಳಿಯಲು ನಿಮಗೆ ಮನಸ್ಸಿದೆಯಾ ಎಂದು ಕೇಳುತ್ತಾರೆ, ಹೌದು ಎಂದು ಒತ್ತದಿದ್ದರೆ ಹೆಸರೇ ಹೋಗುತ್ತದೆ. ಅದನ್ನೂ ಗಮನಿಸಬೇಕು. ಇಲ್ಲಿ ಶಿಫಾರಸು ನಡೆಯುವುದಿಲ್ಲ. "ನನಗೆ ಒಳಗೆ ಜನ ಉಂಟು, ಇಷ್ಟು ಕೊಟ್ಟರೆ ನಂಬರ್ ಮೇಲೆ ತರುತ್ತೇನೆ" ಎಂದು ಬರುವವನಿಗೆ ಮನೆಯ ಜಗಲಿ ಹತ್ತಲು ಬಿಡಬೇಡಿ.

ಮೂರು ದಿನದ ಗಡುವು

ಈ ಕಾಯುವಿಕೆಯಲ್ಲಿ ಮನೆಯವರ ಪಾಲು ಎಂತ ಎಂಬುದಕ್ಕೆ ಒಂದು ಮನೆಯ ವಿಷಯ ಹೇಳುತ್ತೇನೆ. ನನ್ನಲ್ಲಿ ಓದಿದ ಹುಡುಗಿ, ಬಿಬಿಎ ಮುಗಿಸಿದ್ದಳು. ಒಂದು ಐಐಎಂನಲ್ಲಿ ವೇಯ್ಟಿಂಗ್ ಲಿಸ್ಟ್, ಬೇರೊಂದು ಖಾಸಗಿ ಸಂಸ್ಥೆಯಲ್ಲಿ ಸೀಟು. ತಂದೆ ಸೌದಿಯಲ್ಲಿ. ರಮಳಾನ್ ರಜೆಯಲ್ಲಿ ಊರಿಗೆ ಬಂದಾಗಲೇ ತಂದೆ, ತಾಯಿ, ಮಾಮ, ಅವಳು ನಾಲ್ವರೂ ಕೂತು ಒಂದು ಹಾಳೆಯಲ್ಲಿ ಬರೆದಿಟ್ಟರು. ಇಂತಿಂಥ ಮೂರು ಕಡೆ ಸಿಕ್ಕಿದರೆ ಬೇರೆ ಮಾತಿಲ್ಲ, ಹೋಗುವುದು. ಇಂತಿಂಥ ಎರಡು ಕಡೆ ಸಿಕ್ಕಿದರೂ ಬೇಡ. ಮೊದಲ ಕಂತಿಗೆ ಹಣ ಎಲ್ಲಿಂದ. ಇಷ್ಟನೇ ತಾರೀಕಿನ ನಂತರ ಯಾವ ಲಿಸ್ಟು ಓಡಿದರೂ ಕೈಯಲ್ಲಿರುವುದನ್ನು ಬಿಡುವುದಿಲ್ಲ. ಹಾಳೆಯ ಫೋಟೋ ನಾಲ್ವರ ಫೋನಿನಲ್ಲೂ ಇತ್ತು.

ಜೂನಿನಲ್ಲಿ ಒಂದು ಗುರುವಾರ ಸಂಜೆ ಇಮೇಲ್ ಬಂತು, ಭಾನುವಾರದೊಳಗೆ ಹಣ ಕಟ್ಟಬೇಕು. ತಂದೆ ನೈಟ್ ಡ್ಯೂಟಿಯಲ್ಲಿದ್ದರು, ಫೋನ್ ತೆಗೆಯಲಿಲ್ಲ. ಹುಡುಗಿ ಕಾಯಲಿಲ್ಲ. ಹಾಳೆಯಲ್ಲಿ ಬರೆದ ಹೆಸರೇ ಆಗಿತ್ತು, ಅರ್ಧ ಗಂಟೆಯಲ್ಲಿ ಒಪ್ಪಿಗೆ ಒತ್ತಿದಳು. ಮಾಮ ಮರುದಿನ ಜುಮಾಕ್ಕೆ ಮುಂಚೆ ಬ್ಯಾಂಕಿನಿಂದ ಹಣ ಕಳಿಸಿದರು. ತಂದೆ ಎದ್ದು ಕರೆ ಮಾಡುವಾಗ ಕೆಲಸ ಮುಗಿದಿತ್ತು. ಅದೇ ವರ್ಷ ಇನ್ನೊಂದು ಮನೆಯಲ್ಲಿ ಇದೇ ಮೂರು ದಿನ ಅಜ್ಜನನ್ನು ಕೇಳಿ, ದೊಡ್ಡ ಮಾವನನ್ನು ಕೇಳಿ, "ಇಸ್ತಿಖಾರ ಮಾಡುತ್ತಿದ್ದೇವೆ" ಎಂದು ಹೇಳಿ ಕಳೆದುಹೋಯಿತು. ಇಸ್ತಿಖಾರ ಸುನ್ನತ್, ಮಾಡಲೇಬೇಕು. ಆದರೆ ಅರ್ಜಿ ಹಾಕುವಾಗ ಮಾಡದೆ ಗಡುವಿನ ದಿನ ನೆನಪು ಮಾಡಿಕೊಳ್ಳುವುದು ತೀರ್ಮಾನವನ್ನು ಮುಂದೂಡುವ ಉಪಾಯ ಮಾತ್ರ.

ಹಣದ ಮಾತಿಗೆ ಬರುವ. ಬೆಂಗಳೂರು ಐಐಎಂನ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ದಾಟುತ್ತದೆ. ಹಳೆಯ ಐಐಎಂಗಳಲ್ಲಿ ಪ್ರವೇಶ ಸಿಕ್ಕ ಮೇಲೆ ಮನೆಯ ಆದಾಯ ನೋಡಿ ಶುಲ್ಕದಲ್ಲಿ ಸಹಾಯ ಕೊಡುವ ವ್ಯವಸ್ಥೆ ಉಂಟು, ಅದನ್ನು ಕೇಳಿ ಪಡೆಯಬೇಕು. ಬ್ಯಾಂಕ್ ಸಾಲ ಅಂದ ಕೂಡಲೇ ಬಡ್ಡಿಯ ಪ್ರಶ್ನೆ ಬರುತ್ತದೆ, ಬರಲೇಬೇಕು. ನಿಮ್ಮ ಊರಿನ ಉಲಮಾಗಳ ಮುಂದೆ ಮನೆಯ ಪೂರ್ತಿ ಸ್ಥಿತಿ ಹೇಳಿ ಕೇಳಿ. ಪತ್ರಿಕೆಯಲ್ಲಿ ಎಲ್ಲರಿಗೂ ಒಂದೇ ಉತ್ತರ ಬರೆಯುವ ವಿಷಯ ಅದಲ್ಲ. ಆದರೆ ಕೇಳುವುದಾದರೆ ಕ್ಯಾಟ್ ಅರ್ಜಿ ಹಾಕುವ ಆಗಸ್ಟ್‌ನಲ್ಲಿ ಕೇಳಿ. ಮೇ ತಿಂಗಳಲ್ಲಿ, ಮೂರು ದಿನ ಉಳಿದಿರುವಾಗ, ಮಗಳು ಅಳುತ್ತಿರುವಾಗ ಬಂದು ಕೇಳಿದರೆ ಉಸ್ತಾದನಿಗೂ ಕಷ್ಟ, ನಿಮಗೂ ಕಷ್ಟ. ಮೊದಲೇ ಗೊತ್ತಾದರೆ ಕುಟುಂಬದೊಳಗೆ ಕರ್ಳ್ ಹಸನ್ ಕೊಡುವವರನ್ನು, ಕೆಎಂಡಿಸಿ ಜಿಲ್ಲಾ ಕಚೇರಿಯನ್ನು, ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳನ್ನು ವಿಚಾರಿಸಲು ಒಂಬತ್ತು ತಿಂಗಳು ಸಿಗುತ್ತದೆ.

ಕಾಯುವ ಮಕ್ಕಳು ಕೈಯಲ್ಲಿ ಒಂದು ಸೀಟು ಹಿಡಿದು ಕಾಯುತ್ತಾರೆ. ಅದಕ್ಕೆ ಒಂದು ಲಕ್ಷವೋ ಎರಡು ಲಕ್ಷವೋ ಕಟ್ಟಿರುತ್ತಾರೆ. ಮೇಲಿನದ್ದು ಸಿಕ್ಕಿದರೆ ಕೆಳಗೆ ಕಟ್ಟಿದ ಹಣದ ಗತಿ ಎಂತ? ಎಐಸಿಟಿಇ ಮಾನ್ಯತೆಯ ಸಂಸ್ಥೆಯಾದರೆ, ಕೋರ್ಸ್ ಶುರುವಾಗುವ ಮೊದಲು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯದೆ ಉಳಿದದ್ದು ವಾಪಸ್ ಕೊಡಬೇಕು ಎಂಬುದು ಎಐಸಿಟಿಇ ನಿಯಮ. ವಿಶ್ವವಿದ್ಯಾಲಯಗಳಿಗೆ ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮ ಬೇರೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಸಣ್ಣ ಖರ್ಚು ಕಳೆದು ಪೂರ್ತಿ, ಅದರ ನಂತರ ಕೊನೆಯ ದಿನದ ತನಕ 90 ಶೇಕಡ, ಕೊನೆಯ ದಿನ ಕಳೆದು 15 ದಿನದೊಳಗೆ 80, ಮೂವತ್ತು ದಿನದೊಳಗೆ 50, ಮತ್ತೆ ಸೊನ್ನೆ. ಮೂಲ ಅಂಕಪಟ್ಟಿಗಳನ್ನು ಹಿಡಿದಿಟ್ಟುಕೊಳ್ಳುವ ಹಾಗೂ ಇಲ್ಲ. ಐಐಎಂಗಳದ್ದು ಅವುಗಳದ್ದೇ ನಿಯಮ, ಸೀಟಿನ ಪತ್ರದಲ್ಲೇ ಬರೆದಿರುತ್ತದೆ. ಹಣ ಕಟ್ಟುವ ಮೊದಲು ಆ ಒಂದು ಪುಟ ಓದಿ.

ಊರಲ್ಲೇ ಇರುವ ದಾರಿ

ಐಐಎಂ ಗುಂಗಿನಲ್ಲಿ ಮಕ್ಕಳು ಮರೆಯುವುದು ಪಿಜಿಸಿಇಟಿ. ಕೆಇಎ ನಡೆಸುವ ಈ ಪರೀಕ್ಷೆಯಿಂದ ರಾಜ್ಯದ ಎಂಬಿಎ ಕಾಲೇಜುಗಳ ಸರಕಾರಿ ಕೋಟಾದ ಸೀಟು ಸಿಗುತ್ತದೆ, ನಮಗೆ 2ಬಿಯಲ್ಲಿ 4 ಶೇಕಡ ಉಂಟು, ಶುಲ್ಕ ಐಐಎಂನ ಹತ್ತಿರವೂ ಬರುವುದಿಲ್ಲ. ಐಐಎಂ ಲಿಸ್ಟುಗಳು ನಿಂತ ಮೇಲೆ ಸಾಮಾನ್ಯವಾಗಿ ಇದರ ಸೀಟು ಹಂಚಿಕೆ ಬರುವುದರಿಂದ ಕೆಳಗೆ ಹಾಸಿದ ಬಲೆಯ ಹಾಗೆ ಉಪಯೋಗಕ್ಕೆ ಬರುತ್ತದೆ. ಆದರೆ ಅರ್ಜಿ ಹಾಕುವ ದಿನಗಳು ಬರುವುದು ಇವರು ಲಿಸ್ಟು ನೋಡುತ್ತ ಕೂತಿರುವ ಆಸುಪಾಸಿನಲ್ಲೇ. "ಇನ್ನು ಅದು ಎಂತಕ್ಕೆ, ಐಐಎಂ ಆಗ್ತದೆ" ಎಂದು ಬಿಟ್ಟವರು ಆಗಸ್ಟ್‌ನಲ್ಲಿ ಎರಡೂ ಇಲ್ಲದೆ ಕೂತದ್ದನ್ನು ನೋಡಿದ್ದೇನೆ.

ಕೆಇಎಯಲ್ಲಿ ವೇಯ್ಟಿಂಗ್ ಲಿಸ್ಟ್ ನಂಬರ್ ಎಂಬುದಿಲ್ಲ, ಸುತ್ತುಗಳು ಮಾತ್ರ. ಸೀಟು ಸಿಕ್ಕಾಗ ಛಾಯ್ಸ್ ಒತ್ತಬೇಕು. ಛಾಯ್ಸ್ ಒಂದು ಎಂದರೆ ಇದೇ ಸಾಕು, ಸೇರುತ್ತೇನೆ. ಎರಡು ಎಂದರೆ ಇದು ನನಗಿರಲಿ, ಆದರೆ ಇದಕ್ಕಿಂತ ಮೇಲೆ ಬರೆದದ್ದು ಮುಂದಿನ ಸುತ್ತಿನಲ್ಲಿ ಸಿಗುತ್ತದಾ ನೋಡಿ. ಮೂರು ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಎಂದರೆ ಸಂಬಂಧವೇ ಬೇಡ. ಗಲಾಟೆ ಆಗುವುದು ಎರಡರಲ್ಲಿ. ಮೇಲಿನದ್ದು ಸಿಕ್ಕಿದರೆ ಹಿಂದಿನ ಸೀಟು ತಾನಾಗಿ ಹೋಗುತ್ತದೆ, ಮತ್ತೆ "ನನಗೆ ಮಂಗಳೂರಿನದ್ದೇ ಬೇಕಿತ್ತು" ಎಂದರೆ ಆಗುವುದಿಲ್ಲ. ಹಾಗಾಗಿ ಹೋಗಲು ಮನಸ್ಸಿಲ್ಲದ ಕಾಲೇಜಿನ ಹೆಸರನ್ನು ಆಪ್ಷನ್ ಪಟ್ಟಿಯಲ್ಲಿ ಮೇಲೆ ಬರೆಯಲೇಬಾರದು.

ವಿದೇಶಕ್ಕೆ ಹೋಗುವವರಿಗೆ ಇನ್ನೊಂದು ಲೆಕ್ಕ. ದುಬೈ, ದಮಾಮ್‌ನಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿದ ನಮ್ಮ ಹುಡುಗರು ಈಗ ಅಮೆರಿಕದ ಬಿಸಿನೆಸ್ ಸ್ಕೂಲುಗಳಿಗೂ ಹೈದರಾಬಾದಿನ ಐಎಸ್‌ಬಿಗೂ ಅರ್ಜಿ ಹಾಕುತ್ತಾರೆ. ಅಲ್ಲಿ ಒಂದೇ ಕೊನೆಯ ದಿನ ಇಲ್ಲ, ರೌಂಡುಗಳು. ಅಮೆರಿಕದಲ್ಲಿ ಮೊದಲ ರೌಂಡ್ ಸೆಪ್ಟೆಂಬರ್ ಆಸುಪಾಸಿಗೆ, ಉತ್ತರ ಡಿಸೆಂಬರಿನಲ್ಲಿ. ಎರಡನೆಯದ್ದು ಜನವರಿ ಮೊದಲಿಗೆ, ಉತ್ತರ ಮಾರ್ಚ್ ಕೊನೆಗೆ. ಮೂರನೆಯದ್ದು ಮಾರ್ಚ್ ಕೊನೆ, ಏಪ್ರಿಲ್‌ಗೆ. ಅಷ್ಟರಲ್ಲಿ ಸೀಟೂ ಸ್ಕಾಲರ್‌ಶಿಪ್ಪೂ ಬಹುಪಾಲು ಖಾಲಿ, ವೀಸಾಕ್ಕೆ ಸಮಯವೂ ಇಲ್ಲ. ಹೊರದೇಶದವರು ಮೊದಲ ಎರಡರಲ್ಲೇ ಹಾಕುವುದು ಒಳ್ಳೆಯದು. ಹಾರ್ವರ್ಡ್‌ನಲ್ಲಿ ಕೆಲಸ ಮಾಡಿ ಬರುವವರಿಗೆ ಇರುವುದೇ ಎರಡು ರೌಂಡ್. ತಯಾರಿ ಅರ್ಧವಾಗಿದ್ದರೆ ಮೊದಲ ರೌಂಡಿಗೆ ಓಡುವುದಕ್ಕಿಂತ ಚೆನ್ನಾಗಿ ತಯಾರಾಗಿ ಎರಡನೆಯದಕ್ಕೆ ಹಾಕಬಹುದು. ಜಿಮ್ಯಾಟ್ ಅಂಕಕ್ಕೆ ಐದು ವರ್ಷ ಆಯುಷ್ಯ, ಕ್ಯಾಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ.

ಅಲ್ಲಿಯ ವೇಯ್ಟಿಂಗ್ ಲಿಸ್ಟಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ, ಯಾರನ್ನು ಬೇಕಾದರೂ ಕರೆಯಬಹುದು. ಕೆಲವು ಸ್ಕೂಲುಗಳು ಹೊಸ ವಿಷಯ ಇದ್ದರೆ ತಿಳಿಸಿ ಎನ್ನುತ್ತವೆ. ಕೆಲಸದಲ್ಲಿ ಬಡ್ತಿ, ಜಿಮ್ಯಾಟ್‌ನಲ್ಲಿ ಹೆಚ್ಚಿದ ಅಂಕ, ಇಂಥದ್ದನ್ನು ಒಂದು ಪುಟದಲ್ಲಿ ಬರೆದು ಕಳಿಸಬೇಕು. ಕೆಲವು ಏನೂ ಕಳಿಸಬೇಡಿ ಎನ್ನುತ್ತವೆ, ಆಗ ಸುಮ್ಮನಿರಬೇಕು. ವಾರಕ್ಕೊಂದು ಇಮೇಲ್ ಹಾಕಿ ಕಾಡಿದರೆ ಇರುವ ಹೆಸರೂ ಹಾಳು. ಹಿಡಿದ ಸೀಟಿಗೆ ಕಟ್ಟಿದ ಡಾಲರ್ ಹೆಚ್ಚಿನ ಕಡೆ ವಾಪಸ್ ಬರುವುದಿಲ್ಲ. ಮೊದಲ ವರ್ಷದ ಖರ್ಚಿನ ಹಣ ತೋರಿಸಿದ ಮೇಲೆಯೇ ವೀಸಾದ ಕಾಗದ ಕೈಗೆ ಬರುತ್ತದೆ. ಜುಲೈಯಲ್ಲಿ ಕರೆದರೆ ಆಗಸ್ಟ್‌ಗೆ ಮುಟ್ಟುವುದು ಹೇಗೆ? ಗಲ್ಫಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ವೀಸಾ ಪಾಸ್‌ಪೋರ್ಟಿಗೆ ಅಂಟಿದ ಮೇಲೆ ಎಂದು ಮೊದಲೇ ನಿಶ್ಚಯ ಮಾಡಿಕೊಳ್ಳಿ.

ಕೊನೆಗೊಂದು ಮಾತು ಸೀಟು ಬಿಡುವವರಿಗೆ. ಮೇಲಿನದ್ದು ಸಿಕ್ಕ ಸಂತೋಷದಲ್ಲಿ ಕೆಳಗೆ ಹಿಡಿದದ್ದನ್ನು ಬಿಡಲು ಮರೆಯುತ್ತಾರೆ. ಕೆಲವರು ಬೇಕೆಂದೇ ಕೊನೆಯ ದಿನದ ತನಕ ಹಿಡಿದಿಡುತ್ತಾರೆ, ನಾಲ್ಕು ಕಡೆ ಸಿಕ್ಕಿತು ಎಂದು ಹೇಳಿಕೊಳ್ಳಲು. ಆ ಸೀಟು ಇನ್ನೊಬ್ಬರ ಮಗುವಿನದ್ದು, ನಿಮ್ಮಲ್ಲಿ ಅಮಾನತ್ ಆಗಿ ಇರುವುದು. ಎಲ್ಲೋ ಒಂದು ಮನೆಯಲ್ಲಿ ಆ ಲಿಸ್ಟಿನ ಮುಂದಿನ ನಂಬರಿನವಳು ಮೂರು ದಿನದಿಂದ ಊಟ ಮಾಡದೆ ಕೂತಿರುತ್ತಾಳೆ. ಬಿಡುವುದು ಬಾಯಿ ಮಾತಲ್ಲಿ ಆಗುವುದಿಲ್ಲ. ಲಾಗಿನ್‌ನಲ್ಲಿ ವಿತ್‌ಡ್ರಾ ಒತ್ತಿ, ಇಮೇಲನ್ನೂ ಹಾಕಿ, ಎರಡರದ್ದೂ ತಾರೀಕು ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಶುಲ್ಕ ವಾಪಸಿಗೆ ಲೆಕ್ಕ ಹಿಡಿಯುವುದು ಆ ತಾರೀಕಿನಿಂದಲೇ. ಬ್ಯಾಂಕ್ ಖಾತೆ ನಂಬರ್ ಕೇಳಿದಾಗ ಹಣ ಕಳಿಸಿದ ಮಾಮನದ್ದು ಕೊಡುವುದಾ, ಮಗಳದ್ದಾ ಎಂದು ಅವರನ್ನೇ ಕೇಳಿ ತುಂಬಿಸಿ. ಒಂದು ತಿಂಗಳಲ್ಲಿ ಹಣ ಬಾರದಿದ್ದರೆ ಆ ಸ್ಕ್ರೀನ್‌ಶಾಟ್ ಲಗತ್ತಿಸಿ ಮತ್ತೊಮ್ಮೆ ಬರೆಯಿರಿ. ಎಐಸಿಟಿಇ, ಯುಜಿಸಿ ಎರಡಕ್ಕೂ ಆನ್‌ಲೈನ್‌ನಲ್ಲಿ ದೂರು ಕೊಡಲು ಜಾಗ ಉಂಟು.